ನಿಂಗಪ್ಪ ಕಾಕಾರ ಅಕ್ಷರಕ್ಕೆ ನಾನು ಹೇಳಿದ ಸಾಕ್ಷಿ

‘ಎಳೆ’ ಎಂಬ ಫಾಂಟು ನನ್ನದಲ್ಲ. ಅದರ ಜೊತೆ ನನ್ನ ಹೆಸರಿದೆ, ಅದಕ್ಕೆ ಸಿಕ್ಕ ಹೊಗಳಿಕೆಯೆಲ್ಲ ನನ್ನ ಮನೆಗೇ ಬಂದಿದೆ—ಆದರೆ ಆ ಅಕ್ಷರಗಳು ಮುಂಬಯಿಯ ಮಲಾಡಿನ ಒಂದು ಪಾತ್ರೆ ಅಂಗಡಿಯಲ್ಲಿ ಕೂತು ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ ನಿಂಗಪ್ಪ ಕಾಕಾ ಅವರವು. ಕದ್ದೆ ಎಂದರೆ ಅರ್ಧ ಮಾತ್ರ ಹೇಳಿದಂತೆ. ಉಳಿದರ್ಧ ಇನ್ನೂ ಕೆಟ್ಟದ್ದು. ಅವರೇ ಒಂದು ದಿನ ನನ್ನನ್ನು ನಂಬಿ ಸಾಕ್ಷಿಗೆ ಕರೆದರು. ನಾನು ಹೋದೆ. ನಾಲ್ಕು ಜನರ ಎದುರು ನಿಂತು ಸುಳ್ಳು ಹೇಳಿ ಬಂದೆ.

ಆ ಅಕ್ಷರಗಳನ್ನು ನೀವು ನೋಡಿರುತ್ತೀರಿ. ತುಸು ಬಲಕ್ಕೆ ಬಾಗಿದ, ಎಲ್ಲೂ ಚೂಪು ಮೂಲೆಯಿಲ್ಲದ ದುಂಡನೆಯ ಅಕ್ಷರ. ಮಕ್ಕಳ ಜ್ವರದ ಔಷಧಿ ಡಬ್ಬಿಯ ಮೇಲೆ, ಆಸ್ಪತ್ರೆಯಲ್ಲಿ ‘ಸ್ವಲ್ಪ ಕಾಯಿರಿ’ ಎನ್ನುವ ಬೋರ್ಡಿನಲ್ಲಿ, ಸೊಸೈಟಿಯ ಲಿಫ್ಟಿನೊಳಗೆ, ಮದುವೆ ಕಾರ್ಡಿನಲ್ಲಿ, ಫೋನಿನಲ್ಲಿ. ಒಮ್ಮೆ ಲೋಕಲ್ ಟ್ರೇನ್‌ನಲ್ಲಿ ಪಕ್ಕದ ಹೆಂಗಸಿನ ಫೋನು ಕಣ್ಣಿಗೆ ಬಿತ್ತು—ಅವಳು ಕೇಳಿದ್ದ ಸಾಲವನ್ನು ಬ್ಯಾಂಕು ನಿರಾಕರಿಸಿತ್ತು, ಅದೂ ಇದೇ ಅಕ್ಷರದಲ್ಲಿ. ಒರಟು ಮಾತನ್ನು ಮೆತ್ತಗೆ ಹೇಳಿಸಬೇಕಾದಾಗ ಜನ ಈ ಅಕ್ಷರವನ್ನು ಹುಡುಕಿಕೊಂಡು ಬರುತ್ತಾರೆ. ‘ಸ್ನೇಹದ ಅಕ್ಷರ’ ಎಂದು ನಮ್ಮ ಆಫೀಸಿನ ಕಾಗದಗಳಲ್ಲಿ ಬರೆದಿದ್ದಾರೆ. ಸ್ನೇಹ ಎಲ್ಲಿಂದ ಬಂತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನಾನು ಯಾರೆಂದು ಹೇಳಿಬಿಡುತ್ತೇನೆ. ವಿಜಯಪುರ ಜಿಲ್ಲೆಯಿಂದ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಬಂದವರ ಮಗಳು. ಅಪ್ಪ ಸೆಂಟ್ರಿಂಗ್ ಕೆಲಸದವನು. ಅವ್ವ ಬಿಲ್ಡಿಂಗುಗಳಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಿದ್ದಳು. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನೇ. ಆ ಬಗ್ಗೆ ಹೆಮ್ಮೆಯಿದೆ, ಇಲ್ಲವೆಂದು ನಟಿಸುವುದಿಲ್ಲ. ಹಗಲು ಕಾಪಿ ಅಂಗಡಿಯಲ್ಲಿ ಟೈಪಿಂಗ್ ಮಾಡಿ, ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಆರ್ಟ್ ಕಾಲೇಜಿಗೆ ಸೇರಿದವಳು. ಅಕ್ಷರ ಬರೆಯುವುದನ್ನೇ ಓದಿ ಡಿಗ್ರಿ ತೆಗೆದುಕೊಂಡೆ ಎಂದಾಗ ಅಪ್ಪ, “ಬಾಲವಾಡ್ಯಾಗ ಕಲಿಸ್ತಾರಲ್ಲ, ಅದಕ್ಕ ಇಷ್ಟ ವರ್ಷ ಹಿಡೀತ?” ಎಂದು ನಕ್ಕಿದ್ದ. ನಕ್ಕು, ಸಾಲುಖೋಲಿಗಳ ನಮ್ಮ ಚಾಳಿನವರಿಗೆಲ್ಲ ಪೇಢೆ ಹಂಚಿದ್ದ.

ನಿಂಗಪ್ಪ ಕಾಕಾ ನಮ್ಮ ಪಕ್ಕದ ಖೋಲಿಯವರು. ರಕ್ತಸಂಬಂಧವೇನೂ ಇಲ್ಲ, ಊರ ಕಡೆಯವರು, ಅಷ್ಟೇ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಟ್ಟರೆ ಅದರ ಮೇಲೆ ಕೊಟ್ಟವರ ಹೆಸರು ಇರಲೇಬೇಕಲ್ಲ—ಆ ಹೆಸರು ಹಾಕುವ ಕೆಲಸ ಅವರದು. ಕರೆಂಟಿನಿಂದ ನಡುಗುವ ಒಂದು ಸೂಜಿ, ದಪ್ಪ ಪೆನ್ನಿನಷ್ಟು. ಅಂಗಡಿಯ ಬಾಗಿಲಲ್ಲಿ ಗೋಣಿಚೀಲದ ಮೇಲೆ ಕೂತು, ಬೋಗುಣಿಯನ್ನೋ ತಂಬಿಗೆಯನ್ನೋ ಮೊಳಕಾಲ ನಡುವೆ ಇಟ್ಟುಕೊಂಡು ಬರೆಯುತ್ತಿದ್ದರು. ಬಲಗೈ ಹೆಚ್ಚು ಅಲುಗುತ್ತಿರಲಿಲ್ಲ. ಎಡಗೈ ಪಾತ್ರೆಯನ್ನು ನಿಧಾನ ತಿರುಗಿಸುತ್ತಿತ್ತು. ಅಕ್ಷರವೇ ಸೂಜಿಯ ಕೆಳಗೆ ಬಂದು ಹಾದು ಹೋದಂತೆ. ಪಾತ್ರೆ ತಿರುಗುವ ಕಡೆಗೆ ಅಕ್ಷರವೂ ಸ್ವಲ್ಪ ವಾಲುತ್ತಿತ್ತು. ಅವರ ಬಾಗು ಬಂದದ್ದು ಹೀಗೆ, ಅಲಂಕಾರಕ್ಕಲ್ಲ.

ದುಂಡಗಾದದ್ದಕ್ಕೆ ಬೇರೆ ಕಾರಣವಿತ್ತು. ಸಣ್ಣವಳಿದ್ದಾಗ ಕೇಳಿದ್ದೆ, “ಕಾಕಾ, ನಿಮ್ಮ ಅಕ್ಷರಕ್ಕ ಮೂಲೀನ ಇಲ್ಲಲ್ಲ?”

“ಮೂಲ್ಯಾಗ ಸೂಜಿ ನಿಂತರ ಅಲ್ಲಿ ಮುಳ್ಳ ಏಳತೈತಿ, ರೇಣವ್ವಾ. ನಾಳಿ ತೊಳಿಯಾಕಿ ಬೆರಳಿಗೆ ಹತ್ತತೈತಿ. ಹೆಸರ ಒಬ್ಬರದು, ಬೆರಳ ಮತ್ತೊಬ್ಬರದು—ನಾವು ಬೆರಳ ನೋಡಬೇಕು.”

ಹೀಗೆ ಹೇಳಿ ಅವರು ಇನ್ನೊಂದು ತಾಟು ಎತ್ತಿಕೊಂಡರು. ಅವರಿಗೆ ಅದು ದೊಡ್ಡ ಮಾತಾಗಿರಲಿಲ್ಲ. ನನಗೂ ಆಗ ಆಗಿರಲಿಲ್ಲ.

ಕಾಲೇಜಿನ ಕೊನೆಯ ವರ್ಷದಲ್ಲಿ ನಾನು ಚಾಳಿನ ಮನೆಮನೆಗೆ ಹೋಗಿ, ಪಾತ್ರೆಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅವರ ಅಕ್ಷರಗಳ ಪಡಿಯಚ್ಚು ತೆಗೆದುಕೊಂಡೆ. ಮರಾಠಿ, ಇಂಗ್ಲಿಷ್, ನಮ್ಮವರ ಮನೆಗಳಲ್ಲಿ ಕನ್ನಡ. ಯಾಕೆ ಎಂದು ಯಾರೂ ಕೇಳಲಿಲ್ಲ. ಓದುವ ಹುಡುಗಿ ಏನೋ ಮಾಡುತ್ತಾಳೆ. ಆಗ ನನಗೆ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ. ನಿಜವಾಗಿಯೂ ಇರಲಿಲ್ಲ—ಎಂದು ಬರೆಯುವಾಗ ನನ್ನ ಕೈಯೇ ತಡೆಯುತ್ತದೆ. ಇರಲಿ.

ಆಮೇಲೆ ಘಾಟ್ಕೋಪರಿನ ಒಂದು ಡಿಸೈನ್ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಆಸ್ಪತ್ರೆಯವರೊಬ್ಬರಿಗೆ ಹೊಸ ಫಾಂಟು ಬೇಕಾಗಿತ್ತು. ನೋಡಿದರೆ ಹೆದರಿಕೆ ಆಗಬಾರದು, ಇಟಾಲಿಕ್ ಇರಬೇಕು, ಮರಾಠಿ, ಇಂಗ್ಲಿಷ್, ಕನ್ನಡ ಮೂರು ಲಿಪಿಯಲ್ಲೂ ಬೇಕು. ನಮ್ಮ ಲಿಪಿಗಳಿಗೆ ಇಟಾಲಿಕ್ ಎಂದರೆ ಕಂಪ್ಯೂಟರ್ ಮಾಡುವುದು ಒಂದೇ—ನಿಂತ ಅಕ್ಷರವನ್ನು ಹಿಡಿದು ಪಕ್ಕಕ್ಕೆ ವಾಲಿಸುವುದು. ಕನ್ನಡದ ‘ರ’ ಹಾಗೆ ವಾಲಿದರೆ ತಳ್ಳಿಸಿಕೊಂಡಂತೆ ಕಾಣುತ್ತದೆ, ‘ಠ’ ಉರುಳುವ ಮೊಟ್ಟೆಯಾಗುತ್ತದೆ. ಸ್ಟುಡಿಯೋದಲ್ಲಿ ಎಲ್ಲರೂ ವಾರಗಟ್ಟಲೆ ವಾಲಿಸಿದರು, ಎಲ್ಲವೂ ಬಿದ್ದವು. ನನಗೆ ಗೊತ್ತಿತ್ತು, ಬೀಳದೆ ಬಾಗುವ ಅಕ್ಷರ ಎಲ್ಲಿದೆ ಎಂದು. ಹತ್ತಿರ ಕೂತವರ ಮಾತು ಕೇಳಲು ನಾವು ಬಾಗುತ್ತೇವಲ್ಲ, ಆ ಬಾಗು ಅದು.

ಭಾನುವಾರ ಕಾಕಾರ ಹತ್ತಿರ ಹೋದೆ. ಒಂದು ಹಳೆಯ ಸ್ಟೀಲ್ ತಾಟು ಕೊಟ್ಟು, ಅ ದಿಂದ ಳ ತನಕ ಎಲ್ಲ ಬರೆದುಕೊಡಿ, ಮರಾಠಿದೂ ಇಂಗ್ಲಿಷಿನದೂ ಬರೆಯಿರಿ, ನನಗೆ ಪ್ರ್ಯಾಕ್ಟೀಸಿಗೆ ಬೇಕು ಎಂದೆ. ಅವರು ಇಡೀ ರಜೆಯ ದಿನ ಕೂತು ಬರೆದರು. “ಹೆಸರ ಇಲ್ಲದ ತಾಟ ನಾ ಇವತ್ತ ಮೊದಲನೇ ಸಲ ಬರದೆ ನೋಡು,” ಎಂದು ನಕ್ಕು, “ಯಾರ ಹೆಸರ ಹಾಕಲಿ ಕೆಳಗ?” ಎಂದರು. ಬೇಡ ಕಾಕಾ, ಎಂದೆ.

ಎಂಟು ತಿಂಗಳು ದುಡಿದೆ. ಅದು ಸುಲಭದ ಕೆಲಸವಲ್ಲ. ಚುಕ್ಕಿಚುಕ್ಕಿಯ ಗೆರೆಯನ್ನು ತುಂಬು ಗೆರೆ ಮಾಡಬೇಕು, ಒತ್ತಕ್ಷರಗಳನ್ನು ಕೂಡಿಸಬೇಕು, ಸಣ್ಣ ಗಾತ್ರದಲ್ಲೂ ಓದುವಂತಿರಬೇಕು. ಆ ಕೆಲಸ ನನ್ನದೇ, ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಆದರೆ ಎಲ್ಲ ಮುಗಿದು ತೋರಿಸಿದ ದಿನ ನಮ್ಮ ಹಿರಿಯ ಡಿಸೈನರು, “ಈ ಆಕಾರ ನಿನಗೆ ಎಲ್ಲಿಂದ ಹೊಳೆಯಿತು?” ಎಂದು ಕೇಳಿದರು. ಕೋಣೆಯ ತುಂಬ ಜನ. ನಾನು ಹೇಳಿದೆ—“ನಮ್ಮವ್ವನ ರಂಗೋಲಿಯಿಂದ.”

ಅವ್ವ ರಂಗೋಲಿ ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಮ್ಮ ಹೊಸ್ತಿಲ ಮುಂದೆ ಇದ್ದದ್ದು ಗಟಾರ. ಪಾತ್ರೆ ಎಂದು ಶುರು ಮಾಡಿದರೆ ಪಾತ್ರೆ ತೊಳೆಯುವವಳ ಮಗಳು ಎಂಬ ತನಕ ಹೋಗಬೇಕಾಗುತ್ತಿತ್ತು. ರಂಗೋಲಿ ಎಂದರೆ ಎಲ್ಲರ ಮುಖ ಅರಳಿತು. ಫಾಂಟಿಗೆ, ರಂಗೋಲಿಯ ಎಳೆ ಎಂದು, ‘ಎಳೆ’ ಎಂಬ ಹೆಸರು ಬಿದ್ದದ್ದೂ ಆ ಸುಳ್ಳಿನಿಂದಲೇ. ಪ್ರತಿ ಫಾಂಟಿನ ಫೈಲಿನೊಳಗೆ ಒಂದು ಸಣ್ಣ ಖಾನೆ ಇರುತ್ತದೆ: ವಿನ್ಯಾಸ ಯಾರದು ಎಂದು ಬರೆಯಲು. ಹೊರಗೆ ಕಾಣುವುದಿಲ್ಲ. ಅಲ್ಲಿ ನನ್ನ ಹೆಸರು ಟೈಪ್ ಮಾಡಿದೆ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ನನ್ನ ಹೆಸರು ನೋಡಿದಾಗ ಆದಷ್ಟೇ ಸಂತೋಷವಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಮುಂದೆ ಸ್ಟುಡಿಯೋದವರು ‘ಎಳೆ’ಯನ್ನು ಎಲ್ಲರೂ ಪುಕ್ಕಟೆ ಬಳಸಬಹುದು ಎಂದು ಹೊರಗೆ ಬಿಟ್ಟರು. ಯಾರು ಯಾರೋ ತೆಗೆದುಕೊಂಡರು. ಪಾತ್ರೆಗಳ ಮೇಲೆ ಹೆಸರು ಬರೆಯುವ ಲೇಸರ್ ಮಷೀನ್ ಮಾರುವವರೂ ತೆಗೆದುಕೊಂಡರು.

ಈಗ ಆ ದಿನಕ್ಕೆ ಬರುತ್ತೇನೆ. ಬರದೆ ಎಷ್ಟು ಸುತ್ತಿದೆ ನೋಡಿ.

ಕಾಕಾರ ಅಂಗಡಿಯ ಹಳೇ ಸೇಠ್ ವಯಸ್ಸಾಗಿ ಮನೆಯಲ್ಲೇ ಉಳಿದಿದ್ದರು. ಅವರ ಅಣ್ಣನ ಮಗ ಈಗ ಹಣದ ಗಲ್ಲೆಯಲ್ಲಿ ಕೂತಿದ್ದ. ಅವನು ಬಂದ ಮೇಲೆ ಲೇಸರ್ ಮಷೀನೂ ಬಂತು. ಮೊದಲ ತಾಟಿನ ಮೇಲೆ ಮಷೀನು ಹೆಸರು ಬರೆದು ಮುಗಿಸಿದಾಗ ಕಾಕಾ ಅದನ್ನು ಕೈಗೆ ತೆಗೆದುಕೊಂಡು ನೋಡಿ, ಇದು ನನ್ನ ಅಕ್ಷರ, ಎಂದರಂತೆ. ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಕಾಕಾ ಹಟ ಬಿಡಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

“ರೇಣವ್ವಾ, ನೀ ಅಕ್ಷರ ಓದಿದಾಕಿ. ಒಂದ್ ಐದ ಮಿನಿಟ ಬಂದು ಹೇಳು. ಅಂಗಡ್ಯಾಗಿನವರಿಗೆ ನನ್ನ ಮಾತ ತಿಳಿವಲ್ದು.”

ಹೋದೆ. ದಾರಿಯುದ್ದಕ್ಕೂ ವಿಷಯ ಏನೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ತಾಟು ಕೈಗೆ ಕೊಟ್ಟರು. ನೋಡಿದೆ. ‘ಎಳೆ’. ನಾನು ತಿದ್ದಿ ತಿದ್ದಿ ದುಂಡಗೆ ಮಾಡಿದ ಒಂದೊಂದು ತಿರುವೂ ಸ್ಟೀಲಿನ ಮೇಲೆ ಕಪ್ಪಗೆ ಕೂತಿತ್ತು.

ಗಲ್ಲೆಯ ಹುಡುಗ ನಗುತ್ತಲೇ ಇದ್ದ. “ಚಾಚಾ ಕೆಹತೇ ಹೈ ಮಷೀನ್ ನೇ ಉನ್‌ಕಾ ಅಕ್ಷರ್ ಚುರಾಯಾ. ಮಷೀನ್ ಚೋರ್ ಹೈ ಕ್ಯಾ, ದೀದೀ?” ಚಾಚಾರ ಅಕ್ಷರವನ್ನು ಮಷೀನು ಕದ್ದಿದೆಯಂತೆ, ಮಷೀನು ಕಳ್ಳನೇನು, ಎಂದು.

ಪಾತ್ರೆ ಕಟ್ಟಿಕೊಡುವವನೊಬ್ಬ, “ಚಾಚಾ ಕಾ ಹಾಥ್ ಚೀನ್ ತಕ್ ಪಹುಂಚ್ ಗಯಾ!” ಎಂದ—ಮಷೀನು ಚೀನಾದ್ದು, ಚಾಚಾರ ಕೈ ಅಲ್ಲಿಯ ತನಕ ಹೋಯಿತು ಎಂದು. ಮತ್ತೆ ನಗು.

“ನಗ್ರಿ, ನಗ್ರಿ,” ಎಂದರು ಕಾಕಾ. ಅವರೂ ನಗುತ್ತಿದ್ದರು. “ನಮ್ಮ ಹುಡುಗಿ ಹೇಳತಾಳ, ತಡೀರಿ.”

ಹುಡುಗ ನಗು ನಿಲ್ಲಿಸಿ ಒಂದು ಮಾತು ಹೇಳಿದ, ಅದು ತಮಾಷೆಯಲ್ಲ: ಇಷ್ಟು ಓದಿದವಳು ಹೌದು ಅಂದರೆ ನಾನು ಒಪ್ಪುತ್ತೇನೆ, ಚಾಚಾ ಇಲ್ಲೇ ಮುಂದೆ ಕೂರಲಿ, ‘ಇದೇ ಅಕ್ಷರ, ಇದೇ ಕೈಯಿಂದ’ ಎಂದು ಬೋರ್ಡು ಹಾಕುತ್ತೇನೆ, ಗಿರಾಕಿಗೂ ಇಷ್ಟವಾಗುತ್ತದೆ.

ಎಲ್ಲರೂ ನನ್ನ ಕಡೆ ನೋಡಿದರು. ಕಾಕಾ ನೋಡಲಿಲ್ಲ. ಅವರಿಗೆ ನನ್ನ ಉತ್ತರದ ಬಗ್ಗೆ ಅನುಮಾನವೇ ಇರಲಿಲ್ಲ, ಅದಕ್ಕೇ ನೋಡಲಿಲ್ಲ.

ಹೌದು ಎಂದರೆ ಮುಂದಿನ ಪ್ರಶ್ನೆ ಮಷೀನಿಗೆ ಅದು ಹೇಗೆ ಬಂತು ಎಂಬುದು. ಅದರ ಮುಂದಿನದು ಯಾರ ಹೆಸರಿನಲ್ಲಿ ಎಂಬುದು. ರಂಗೋಲಿ, ಆಫೀಸು, ಖಾನೆಯೊಳಗಿನ ಹೆಸರು—ಎಲ್ಲವೂ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬಂದವು. ನಾನು ತಾಟನ್ನು ಕೆಳಗಿಟ್ಟೆ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದೆ. “ಮಷೀನಿನ ಅಕ್ಷರಗಳೆಲ್ಲ ಹೀಗೇ ಇರುತ್ತವೆ, ಕಾಕಾ. ಇದು ಯಾರ ಕೈಯದೂ ಅಲ್ಲ.”

ಯಾರ ಕೈಯದೂ ಅಲ್ಲ.

ಈ ಸಲ ಯಾರೂ ನಗಲಿಲ್ಲ, ಅದೇ ಹೆಚ್ಚು ಕೆಟ್ಟದಾಗಿತ್ತು. ಕಾಕಾ ತಾಟನ್ನು ಮತ್ತೊಮ್ಮೆ ಎತ್ತಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಕ್ಷರ ಸವರಿದರು. “ಹಂಗಂತಿ? ಓದಿದಾಕಿ ಹೇಳಿದ ಮ್ಯಾಲ ಮುಗೀತ ಬಿಡು,” ಎಂದರು. ಹುಡುಗನ ಕಡೆ ತಿರುಗಿ ಹಿಂದಿಯಲ್ಲಿ, ತಪ್ಪಾಯಿತು ಸೇಠ್, ವಯಸ್ಸಾಯಿತು, ಎಂದರು. ನನ್ನ ಸುಳ್ಳಿಗೆ ಅವರು ಕ್ಷಮೆ ಕೇಳಿದರು.

ಆ ತಿಂಗಳ ಕೊನೆಗೆ ಅವರನ್ನು ಬಿಡಿಸಿದರು. ಒಂದು ಬಿಲ್ಡಿಂಗಿನ ವಾಚ್‌ಮನ್ ಆದರು. ಚಾಳಿನ ಹೆಂಗಸರು ಹೊಸ ಬೋಗುಣಿ ತಂದು ಹೆಸರು ಹಾಕಿಕೊಡಿ ಎಂದರೆ, ಅಂಗಡಿಗೆ ಒಯ್ಯಿರಿ, ಮಷೀನು ಹಾಕುತ್ತದೆ, ನನ್ನದೂ ಅದೇ ಅಕ್ಷರ, ಎನ್ನುತ್ತಿದ್ದರು. ಹೇಳಿ ನಗುತ್ತಿದ್ದರು. “ನಮ್ಮ ರೇಣವ್ವ ಹೇಳ್ಯಾಳ, ನನ್ನ ಕೈ ಅಂದ್ರ ಮಷೀನ್ ಕೈ.” ಸೂಜಿಯನ್ನು ಮತ್ತೆ ಹಿಡಿಯಲಿಲ್ಲ. ಮೂವತ್ತು ವರ್ಷ ಬರೆದದ್ದು ತನ್ನದೇನಲ್ಲ, ಯಾವ ಯಂತ್ರವಾದರೂ ಬರೆಯುವಂಥದ್ದು ಎಂದು ಅವರು ನಂಬಿದರು. ನನ್ನ ಡಿಗ್ರಿ ಹಾಗೆ ನಂಬಿಸಿತು. ಕೆಲವು ವರ್ಷಗಳಾದ ಮೇಲೆ ಸಯನ್ನಿನಲ್ಲಿರುವ ಮಗಳು ಮಹಾದೇವಿ ಬಂದು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ನಾನೂ ಹೊಸ ಫ್ಲ್ಯಾಟಿಗೆ ಹೋದೆ. ಮರೆತೆ ಎನ್ನಲಾರೆ—ಮರೆಯಲು ಅನುಕೂಲವಾಯಿತು.

ಹೇಳುವ ತನಕ ನನ್ನನ್ನು ತಂದದ್ದು ನನ್ನ ಒಳ್ಳೆಯತನವಲ್ಲ, ಅವ್ವ. ಹೋದ ತಿಂಗಳು ಸ್ಟುಡಿಯೋದವರು ‘ಎಳೆ’ಯ ಮೇಲೆ ಒಂದು ಸಣ್ಣ ವಿಡಿಯೋ ಮಾಡಲು ಹೊರಟರು. ತಾಯಿ ರಂಗೋಲಿ ಹಾಕುವುದು ಬೇಕು ಎಂದರು. ಅವ್ವನಿಗೆ ಹೇಗೆ ಹೇಳಲಿ ಎಂದು ತಿಳಿಯದೆ, ಫೋನಿನಲ್ಲಿ ಫಾಂಟು ತೋರಿಸಿ, ಇದು ನಿನ್ನ ರಂಗೋಲಿಯಿಂದ ಬಂದದ್ದು ಎಂದು ಹೇಳಿದ್ದೇನೆ, ಅವರ ಮುಂದೆ ನೀನು ರಂಗೋಲಿ ಹಾಕಬೇಕಂತೆ, ಎಂದೆ. ಅವ್ವ ಫೋನನ್ನು ದೂರ ಹಿಡಿದು ನೋಡಿದಳು.

“ಇವು ನಮ್ಮ ನಿಂಗಪ್ಪನ ಅಕ್ಷರ ಅಲ್ಲೇನ?”

“ನಿನಗ ಹೆಂಗ ಗೊತ್ತಬೇ? ನಿನಗ ಓದಾಕ ಬರಂಗಿಲ್ಲ—”

“ಓದಾಕ ಬರಂಗಿಲ್ಲ, ತಿಕ್ಕಾಕ ಬರತೈತಿ. ಇಪ್ಪತ್ತ ವರ್ಷ ಇವನ್ನ ತಿಕ್ಕೇನಿ. ಬೇರೆ ಅಂಗಡಿ ಹೆಸರ ಕೈಗೆ ಚುಚ್ಚತಾವ, ನಿಂಗಪ್ಪನವು ಚುಚ್ಚಂಗಿಲ್ಲ.” ಆಮೇಲೆ ನನ್ನ ಮುಖ ನೋಡಿದಳು. “ಮತ್ತ ರಂಗೋಲಿ ಯಾಂವ ಹಾಕಿದ್ದ?”

ಅವ್ವ ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಮಂಚದ ಮೇಲೆ ಬೋರಲು ಹಾಕಿ ಒಳಗೆ ಹೋದಳು.

ಸ್ಟುಡಿಯೋಕ್ಕೆ ಎಲ್ಲ ಬರೆದುಕೊಟ್ಟಿದ್ದೇನೆ. ಅವರು ವಿಡಿಯೋ ನಿಲ್ಲಿಸಿದ್ದಾರೆ. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಇನ್ನೂ ಹೇಳಿಲ್ಲ. ಫೈಲಿನ ಖಾನೆಯಲ್ಲಿ ಹೆಸರು ಬದಲಾಯಿಸಬಹುದು, ಹೊಸದಾಗಿ ಇಳಿಸಿಕೊಳ್ಳುವವರಿಗೆ ಸರಿಯಾದ ಹೆಸರು ಹೋಗುತ್ತದೆ. ಈಗಾಗಲೇ ಹೋದ ಪ್ರತಿಗಳನ್ನು ಹಿಂದಕ್ಕೆ ಕರೆಯುವ ದಾರಿ ಯಾರಿಗೂ ಗೊತ್ತಿಲ್ಲ. ಅವು ಫೋನುಗಳಲ್ಲಿ, ಮಷೀನುಗಳಲ್ಲಿ ನನ್ನ ಹೆಸರನ್ನು ಹೊತ್ತುಕೊಂಡೇ ಇರುತ್ತವೆ.

ಹೋದ ಭಾನುವಾರ ಸಯನ್ನಿಗೆ ಹೋದೆ. ಕಾಕಾರಿಗೆ ಈಗ ಒಂದು ಕಣ್ಣು ಸರಿಯಾಗಿ ಕಾಣುವುದಿಲ್ಲ. ಕುರ್ಚಿಯಲ್ಲಿ ಕೂತು, “ಯಾರು, ರೇಣವ್ವನ? ದಪ್ಪ ಆಗಿದ್ದಿ ಅಲ್ಲ?” ಎಂದರು. ನಾನು ನಿಂತೇ ಎಲ್ಲ ಹೇಳಿದೆ. ತಾಟು, ರಂಗೋಲಿ, ಹೆಸರು, ಅಂಗಡಿ. ಬಾಗಿಲಲ್ಲಿ ನಿಂತಿದ್ದ ಮಹಾದೇವಿ, “ಈಗ ಬಂದಿ? ಅಪ್ಪಗ ಈಗ ಯಾಂವ ಬೋರ್ಡ್ ಹಾಕಾಂವ?” ಎಂದಳು.

ಕಾಕಾ ಕೇಳಿದ್ದು ಒಂದೇ.

“ಹಂಗಾರ ನಾ ಅವತ್ತ ಸುಳ್ಳ ಹೇಳಿದ್ದಿಲ್ಲ.”

“ಇಲ್ಲ ಕಾಕಾ.”

“ನಂದ ಇತ್ತು.”

“ನಿಮ್ಮದ ಇತ್ತು.”

ನಾನು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಸಿಟ್ಟಿನಿಂದಲ್ಲ, ಇನ್ನೂ ಕೆಲಸ ಬಾಕಿ ಇದೆ ಎನ್ನುವವರ ಹಾಗೆ.

“ಇಲ್ಲಿ ನನ್ನ ಮುಂದ ಹೇಳಿ ಏನ ಮಾಡತಿ? ನನಗ ಗೊತ್ತಿತ್ತಲ್ಲ. ಅಂಗಡ್ಯಾಗ ನಿಂತು ಇಲ್ಲ ಅಂದಿ, ಅಂಗಡ್ಯಾಗ ನಿಂತು ಹೌದ ಅನ್ನು. ಶನಿವಾರ ಹೋಗೂಣು. ಗಿರಾಕಿ ಇರತಾವ.”

ಆಸ್ಪತ್ರೆಯವರ ಎದುರು, ದೊಡ್ಡ ದೊಡ್ಡ ಸಭೆಗಳಲ್ಲಿ ಹೆದರದೆ ಮಾತಾಡಿದ್ದೇನೆ. ಆ ಪಾತ್ರೆ ಅಂಗಡಿಯನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ. ಅಲ್ಲಿಯವರು ನಗಬಹುದು. ಅವರು ಕಾಕಾರನ್ನೇ ಮರೆತಿರಬಹುದು. ಕಾಕಾ ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ನನಗೆ ತಿಳಿಯದು. ಕೇಳುವುದೂ ಇಲ್ಲ, ಅದು ಅವರ ಕೆಲಸವಲ್ಲ.

ಹೇಳಬೇಕಾದದ್ದನ್ನು ಹಿಂದಿಯಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡಿದ್ದೇನೆ, ಬಾಯಿ ತಪ್ಪಬಾರದೆಂದು. ನಾಲ್ಕು ವಾಕ್ಯವಿತ್ತು. ಅಕ್ಷರ ಯಾರದು ಎಂಬುದು ಮೊದಲನೆಯದು. ಅದನ್ನು ಯಾರು ತೆಗೆದುಕೊಂಡರು ಎಂಬುದು ಎರಡನೆಯದು. ಇದೇ ಜಾಗದಲ್ಲಿ ನಿಂತು ಯಾರು ಸುಳ್ಳು ಹೇಳಿದರು ಎಂಬುದು ಮೂರನೆಯದು. ನಾಲ್ಕನೆಯದು, ಯಾಕೆ ಹೇಳಿದೆ ಎಂದು ಶುರುವಾಗುತ್ತಿತ್ತು. ಅದನ್ನು ಹೊಡೆದುಹಾಕಿದ್ದೇನೆ.